ಭಾನುವಾರದ ಸಿನಿಮಾ ಕೂಟ: ಚಿತ್ರಕ್ಕೆ ಪೂರ್ತಿ ಅಂಕ, ಪೀಠಿಕೆಗೆ ಸೊನ್ನೆ

ಮೈಸೂರಿನ ನಮ್ಮ ಬಡಾವಣೆಯ ಒಂದು ಮನೆಯ ಮಹಡಿಯಲ್ಲಿ ಭಾನುವಾರ ಸಂಜೆ ಸಿನಿಮಾ ತೋರಿಸುತ್ತಾರೆ. ತಲೆಗೆ 100 ರೂಪಾಯಿ, ಫಿಲ್ಟರ್ ಕಾಫಿಯೂ ಅದರಲ್ಲೇ. ಹಾಸನದ ಕಡೆಯ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು ನಾನು. ಎಲ್ಲಿಗೆ ಹೋದರೂ ಮೊದಲು ನೋಡುವುದು ಯಂತ್ರವನ್ನು. ಇಲ್ಲಿನ ಪ್ರೊಜೆಕ್ಟರಿಗೆ ಹೆಸರಿಡುವಂತಿಲ್ಲ, ಫೋಕಸ್ ಮೂಲೆಮೂಲೆಗೂ ಚೂಪಾಗಿ ನಿಲ್ಲುತ್ತದೆ. ಆದರೆ ಬಲಗಡೆಯ ಕಿಟಕಿಗೆ ಕಟ್ಟಿರುವ ಬಟ್ಟೆ ತೀರಾ ತೆಳು. ಬೀದಿದೀಪ ಒಳನುಗ್ಗಿ ಕಪ್ಪೆಲ್ಲ ಬೂದಿಯಾಗುತ್ತದೆ. ನಾನು ಹೋದ ದಿನ ಹಾಕಿದ್ದ ‘ಘಟಶ್ರಾದ್ಧ’ದಂಥ ಕಪ್ಪು-ಬಿಳುಪು ಚಿತ್ರಕ್ಕೆ ಇದು ಸಣ್ಣ ಅಪರಾಧವೇನಲ್ಲ.

ದೊಡ್ಡ ಅಪರಾಧ ಪೀಠಿಕೆಯದು. ಕೂಟ ನಡೆಸುವ ಹುಡುಗ ಒಳ್ಳೆಯವನು, ಓದಿಕೊಂಡವನು. ದೀಪ ಆರಿಸುವ ಮುನ್ನ ಅರ್ಧ ಗಂಟೆ ಮಾತಾಡಿದ. ‘ಇದು ಮನರಂಜನೆಗಲ್ಲ, ನಿಮ್ಮನ್ನು ಪ್ರಶ್ನಿಸುವ ಚಿತ್ರ’ ಎಂದು ಎಚ್ಚರಿಸಿದ. ಸಾಲದೆಂದು ಕೊನೆಯನ್ನೂ ಹೇಳಿಬಿಟ್ಟ. ಹಿಂದಿನ ಸಾಲಿನ ದಂಪತಿ ಅಷ್ಟಕ್ಕೇ ಎದ್ದು ಹೋದರು. ದುಡ್ಡು ಕೊಟ್ಟು ಪರೀಕ್ಷೆ ಬರೆಯಲು ಯಾರು ಬರುತ್ತಾರೆ?

‘ಘಟಶ್ರಾದ್ಧ’ ನಿರ್ದೇಶಕ ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, 1977ರದ್ದು. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂದಿತ್ತು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಈ ಬಿರುದಾವಳಿ ಯಾವುದೂ ನೋಡುವವನಿಗೆ ಬೇಕಿಲ್ಲ. ವೇದಪಾಠಕ್ಕೆ ಬಂದು ಸೇರಿದ ಪುಟ್ಟ ನಾಣಿಯ ಹಿಂದೆ ಹೋದರೆ ಸಾಕು. ದೊಡ್ಡ ಹುಡುಗರ ಕಾಟ, ಕತ್ತಲೆಯ ಭಯ, ಆಸರೆಗೆ ಇರುವ ಒಬ್ಬಳೇ ಒಬ್ಬಳು, ಗುರುಗಳ ವಿಧವೆ ಮಗಳು ಯಮುನಾ. ಮುಂದೇನಾಗುವುದೋ ಎಂದು ಅವನ ಜೊತೆ ನಡೆಯುತ್ತಿರುವಾಗಲೇ ಊರು ಅವಳ ಮೇಲೆ ತಿರುಗಿಬೀಳುತ್ತದೆ, ಅಷ್ಟು ಹೊತ್ತಿಗೆ ನಮಗೆ ತಪ್ಪಿಸಿಕೊಳ್ಳಲು ದಾರಿ ಉಳಿದಿರುವುದಿಲ್ಲ. ಆ ‘ಮುಂದೇನು’ ಎಂಬುದನ್ನೇ ಪೀಠಿಕೆ ನುಂಗಿಹಾಕಿತು.

ಟೂರಿಂಗ್ ಟಾಕೀಸಿನ ಕ್ಯಾಬಿನ್ನಿನ ಕಿಂಡಿಯಿಂದ ನಾನು ಚಿತ್ರಕ್ಕಿಂತ ಹೆಚ್ಚು ಜನರನ್ನು ನೋಡಿದವನು. ಪುಟ್ಟಣ್ಣ ಕಣಗಾಲರ ‘ಶರಪಂಜರ’ ಮತ್ತೆ ಮತ್ತೆ ಬರುತ್ತಿತ್ತು. ತ್ರಿವೇಣಿಯವರ ಕಾದಂಬರಿ, 1971ರ ಚಿತ್ರ. ಬೇಂದ್ರೆಯವರ ‘ಉತ್ತರ ಧ್ರುವದಿಂ’ ಹಾಡಿಗೆ ನೆಲದ ಮೇಲೆ ಕೂತವರು ತಲೆದೂಗುತ್ತಿದ್ದರು. ಪ್ರೇಮ, ಮದುವೆ, ಹಾಡು, ಕಾವೇರಿಯ ಪಾತ್ರದಲ್ಲಿ ಕಲ್ಪನಾ. ಕೊಟ್ಟ ಕಾಸಿಗೆ ಮೋಸವಿಲ್ಲ. ಆಮೇಲೆ ಆಸ್ಪತ್ರೆಯಿಂದ ವಾಸಿಯಾಗಿ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ಕಾಣುವಾಗ, ಬೀಡಿ ಸೇದಲು ಒಬ್ಬನೂ ಹೊರಗೆ ಹೋಗುತ್ತಿರಲಿಲ್ಲ. ಅಂಥವಳೊಬ್ಬಳು ಸುತ್ತಲಿನ ಎಲ್ಲ ಹಳ್ಳಿಯಲ್ಲೂ ಇದ್ದಳಲ್ಲ! ಆಟ ಬಿಟ್ಟಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ಚಪ್ಪಲಿ ಹುಡುಕುತ್ತಿದ್ದರು. ರಂಜಿಸಲು ಬಂದ ಚಿತ್ರವೋ, ಕೆಣಕಲು ಬಂದದ್ದೋ ಎಂದು ಟಿಕೆಟ್ ಹರಿಯುವವನು ಯಾರನ್ನೂ ಕೇಳಿರಲಿಲ್ಲ.

ಚಿತ್ರದ ನಂತರದ ಚರ್ಚೆಗೆ ಮಾತ್ರ ಪೂರ್ತಿ ಅಂಕ. ಒಬ್ಬ ಅಜ್ಜಿ, ತಮ್ಮ ಸೋದರತ್ತೆಯ ತಲೆ ಬೋಳಿಸಿದ ದಿನ ಹಿತ್ತಿಲಿನಲ್ಲಿ ಯಾರು ಯಾರು ನಿಂತಿದ್ದರು ಎಂಬುದನ್ನು ಹೆಸರು ಹಿಡಿದು ಹೇಳಿದರು. ನಮ್ಮ ಹುಡುಗನ ಟಿಪ್ಪಣಿ ಪುಸ್ತಕ ಮುಚ್ಚಿಯೇ ಇತ್ತು. ಅವನಿಗೆ ಕೇಳಲೂ ಬರುತ್ತದೆ ಎಂಬುದು ಸಮಾಧಾನ.

ಕುರ್ಚಿಗಳು ಪ್ಲಾಸ್ಟಿಕ್, ಸೊಂಟ ನೋವಿದ್ದವರು ದಿಂಬು ತರಬೇಕು. ಕಾಫಿ ಗಟ್ಟಿಯಾಗಿದೆ, ಎರಡನೆಯ ಲೋಟಕ್ಕೂ ಮುಖ ಗಂಟಿಕ್ಕುವುದಿಲ್ಲ. ‘ಶರಪಂಜರ’ ಹಾಕಿ ಎಂದು ಹುಡುಗನಿಗೆ ಚೀಟಿ ಬರೆದುಕೊಟ್ಟೆ. ‘ಅದು ಕಮರ್ಷಿಯಲ್ ಅಲ್ಲವೇ ಸಾರ್?’ ಎಂದ. ಆ ಪ್ರಶ್ನೆಗಾಗಿಯೇ ಒಂದು ನಕ್ಷತ್ರ ಕಳೆದಿದ್ದೇನೆ. ಪೀಠಿಕೆಗೆ ಇನ್ನೊಂದು. ಐದಕ್ಕೆ ಮೂರು. ಆರು ಗಂಟೆಯ ಆಟಕ್ಕೆ ಆರೂವರೆಗೆ ಹೋಗಿ, ಎಡಗಡೆಯ ಕುರ್ಚಿ ಹಿಡಿಯಿರಿ.