ಸಿಗ್ ಪಿ210 ಮತ್ತು ಬೋರಿನ ಲೆಕ್ಕ: ಕರಾವಳಿಯ ಗುರಿಕಾರರಿಗೆ ಯಾವುದು ಹೊಂದೀತು?

ಉಕ್ಕಿನ ಹಳೇ ಗುರಿ ಪಿಸ್ತೂಲು ಎಂದ ಕೂಡಲೇ ಬಾಯಿಗೆ ಬರುವ ಹೆಸರು ಸಿಗ್ ಪಿ210. ವಿನ್ಯಾಸಕಾರ ಚಾರ್ಲ್ಸ್ ಪೆಟ್ಟರ್‌ನ ಪೇಟೆಂಟ್ ಇಟ್ಟುಕೊಂಡು ಬೆಳೆಸಿದ ಈ ಪಿಸ್ತೂಲನ್ನು ಸ್ವಿಸ್ ಸೇನೆ 1949ರಲ್ಲಿ ಒಪ್ಪಿಕೊಂಡಿತು. ಹೆಚ್ಚಿನ ಪಿಸ್ತೂಲುಗಳಲ್ಲಿ ಸ್ಲೈಡು, ಅಂದರೆ ಹೊಡೆದಾಗ ಹಿಂದೆ-ಮುಂದೆ ಓಡುವ ಮೇಲಿನ ಭಾಗ, ಹಿಡಿಯಿರುವ ಫ್ರೇಮನ್ನು ಹೊರಗಿನಿಂದ ಅಪ್ಪಿಕೊಂಡು ಓಡುತ್ತದೆ. ಇದರಲ್ಲಿ ಫ್ರೇಮಿನ ಒಳಮೈಗೆ ಕೊರೆದ ಹಳಿಯಲ್ಲಿ ಓಡುತ್ತದೆ. ಹಳಿ ಉದ್ದ, ಸಂದು ಕಡಿಮೆ, ಹಾಗಾಗಿ ಪ್ರತಿ ಹೊಡೆತಕ್ಕೂ ನಳಿಗೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಇದರ ಖ್ಯಾತಿಯ ಗುಟ್ಟು ಇಷ್ಟೇ. ಕೊರತೆಗಳೂ ಇವೆ: ಮ್ಯಾಗಜೀನ್ ಬಿಡಿಸುವ ಕೊಕ್ಕೆ ಹಿಡಿಯ ತಳದಲ್ಲಿದೆ, ಸೇಫ್ಟಿ ಹೆಬ್ಬೆರಳಿಗೆ ಎಟುಕುವುದು ಕಷ್ಟ, ಕೈ ದಪ್ಪಗಿದ್ದವರಿಗೆ ಹ್ಯಾಮರು ಹೆಬ್ಬೆರಳಿನ ಸಂದಿಯ ಚರ್ಮ ಕಚ್ಚುತ್ತದೆ.

ಬೋರು ಎಂದರೆ ನಳಿಗೆಯ ಒಳ ಅಳತೆ, ಅದಕ್ಕೆ ಹೊಂದುವ ತೋಟಾದ ಗಾತ್ರ. ಪಿ210 ಮೂರು ಬೋರುಗಳಲ್ಲಿ ಬಂದಿದೆ: 9 ಮಿ.ಮೀ. ಪ್ಯಾರಾಬೆಲಮ್, 7.65 ಪ್ಯಾರಾಬೆಲಮ್ ಮತ್ತು ಬೋರು ಬದಲಿಸುವ ಕಿಟ್ ಹಾಕಿಕೊಂಡರೆ .22 ಎಲ್‌ಆರ್. 9ರಿಂದ 7.65ಕ್ಕೆ ಹೋಗಲು ನಳಿಗೆ ಮತ್ತು ಸ್ಪ್ರಿಂಗ್ ಬದಲಿಸಿದರೆ ಸಾಕು. ಎರಡೂ ತೋಟಾಗಳ ಬುಡ ಒಂದೇ ಅಳತೆಯದು, ಮ್ಯಾಗಜೀನ್ ಅದೇ ನಡೆಯುತ್ತದೆ. .22ಕ್ಕೆ ಮಾತ್ರ ಸ್ಲೈಡು, ನಳಿಗೆ, ಸ್ಪ್ರಿಂಗ್, ಮ್ಯಾಗಜೀನ್ ಎಲ್ಲವೂ ಬೇರೆ. ಅಷ್ಟು ಸಣ್ಣ ತೋಟಾಕ್ಕೆ ಭಾರದ ಸ್ಲೈಡನ್ನು ಹಿಂದಕ್ಕೆ ತಳ್ಳುವ ಕಸುವಿಲ್ಲ.

ಒದೆತದ ಅಂದಾಜಿಗೆ ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ನೋಡಬಹುದು. .22ರ ಗುಂಡು 2.6 ಗ್ರಾಂ, ಪಿಸ್ತೂಲಿನಿಂದ ಸೆಕೆಂಡಿಗೆ ಸುಮಾರು 300 ಮೀಟರ್. 9 ಮಿ.ಮೀ.ನದು 8 ಗ್ರಾಂ, 350 ಮೀಟರ್. 7.65ರದು 6 ಗ್ರಾಂ, 370ರ ಆಸುಪಾಸು. .32 ಎಸ್‌ ಆಂಡ್ ಡಬ್ಲ್ಯು ಲಾಂಗ್ ವಾಡ್‌ಕಟರ್‌ನದು (ಚಪ್ಪಟೆ ಮೂತಿಯ ಗುಂಡಿನ ಗುರಿ ತೋಟಾ, ಪಿ210ರದಲ್ಲ) ಸುಮಾರು 6.4 ಗ್ರಾಂ, 230 ಮೀಟರ್. .22ರ ಒದೆತ ಒಂದು ಎಂದಿಟ್ಟುಕೊಂಡರೆ .32ರದು ಎರಡರ ಹತ್ತಿರ, 7.65ರದು ಮೂರರ ಹತ್ತಿರ, 9ರದು ಮೂರೂವರೆ. ಒಂದು ಕಿಲೋ ತೂಗುವ ಉಕ್ಕು ಇದರಲ್ಲಿ ಬಹಳಷ್ಟನ್ನು ನುಂಗಿಕೊಳ್ಳುತ್ತದೆ, ನಿಜ. ಆದರೆ ಪಂದ್ಯದಲ್ಲಿ 60 ಗುಂಡು ಹೊಡೆಯಬೇಕು. ನಲವತ್ತು ದಾಟಿದ ಮೇಲೆ ಟ್ರಿಗರ್ ಒತ್ತುವ ಮೊದಲೇ ಮಣಿಕಟ್ಟು ಬೆದರಲು ಶುರುವಾಗುತ್ತದೆ, ಗುಂಡು ಕೆಳಗೆ ಹೋಗುತ್ತದೆ.

ಇಲ್ಲಿಯವರಿಗೆ ಈ ಚರ್ಚೆಯ ಅರ್ಧ ಭಾಗವನ್ನು ಕಾನೂನೇ ಮುಗಿಸಿಬಿಟ್ಟಿದೆ. ಭಾರತದಲ್ಲಿ 9 ಮಿ.ಮೀ. ನಿಷೇಧಿತ ಬೋರ್. ಕಾರವಾರದ ಡಿಸಿ ಕಚೇರಿಗೆ ಸಾಮಾನ್ಯ ಅರ್ಜಿ ಹಾಕಿ ಪಡೆಯುವ ವಸ್ತು ಅದಲ್ಲ. ‘ಪಿಸ್ತೂಲು ಒಂದು ತಗೊಂಡು ನಳಿಗೆ ಬೇರೆ ತರಿಸಿದರಾಯ್ತು’ ಎನ್ನುವವರಿದ್ದಾರೆ. ಆಯುಧ ಕಾಯ್ದೆಯ ಪ್ರಕಾರ ಬಿಡಿಭಾಗವೂ ಆಯುಧವೇ. ನಳಿಗೆಯೆಂದರೆ ಬೈಕಿನ ಸೈಲೆನ್ಸರ್ ಅಲ್ಲ. ಅಡಿಕೆ ತೋಟಕ್ಕೆ ಬರುವ ಹಂದಿ, ಮಂಗಗಳ ನೆಪದಲ್ಲಿ ಮನೆಯಲ್ಲಿರುವ ಬೆಳೆ ರಕ್ಷಣೆಯ ಕೋವಿ ಲೈಸೆನ್ಸಿಗೂ ಇದಕ್ಕೂ ಸಂಬಂಧವಿಲ್ಲ. ಕ್ರೀಡೆಗೆ ಬೇರೆಯದೇ ಅರ್ಜಿ.

9 ಕೈತಪ್ಪಿತೆಂದು ಮರುಗಬೇಕಾಗಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ 25 ಮೀಟರ್ ಸೆಂಟರ್ ಫೈರ್ (ಬುಡದ ನಡುವೆ ಪಿನ್ನು ಬಡಿದು ಹೊತ್ತುವ ತೋಟಾಗಳ) ಪಂದ್ಯಕ್ಕೆ 7.62ರಿಂದ 9.65 ಮಿ.ಮೀ.ವರೆಗಿನ ಯಾವ ಬೋರಾದರೂ ಆಗುತ್ತದೆ, ಟ್ರಿಗರ್ ಗುಂಡು ಹಾರಿಸದೆ ಕನಿಷ್ಠ 1000 ಗ್ರಾಂ ತೂಕ ಹೊರಬೇಕು, ಪಿಸ್ತೂಲು 1400 ಗ್ರಾಂ ಮೀರಬಾರದು. ದೊಡ್ಡ ಗುಂಡು ಗೆರೆ ಮುಟ್ಟಿ ಒಂದು ಅಂಕ ಹೆಚ್ಚು ತರುತ್ತದೆ ಎಂಬ ನಂಬಿಕೆ ತಪ್ಪು. ತೂತು ಅಳೆಯುವ ಗೇಜ್ ಎಲ್ಲ ಬೋರಿಗೂ ಅದೇ 9.65 ಮಿ.ಮೀ.ನದು. ರ‍್ಯಾಪಿಡ್ ಹಂತದಲ್ಲಿ ಗುರಿ 3 ಸೆಕೆಂಡು ಕಾಣಿಸಿ 7 ಸೆಕೆಂಡು ಮರೆಯಾಗುತ್ತದೆ, ಒಂದು ಸಲಕ್ಕೆ ಒಂದೇ ಗುಂಡು. ಈ ಪಂದ್ಯಕ್ಕೆ ಒದೆತ ಕಡಿಮೆಯ .32 ವಾಡ್‌ಕಟರ್ ಸಾಕೋ ಸಾಕು. ವಾಲ್ಥರ್ ಜಿಎಸ್‌ಪಿ-ಸಿಯಂಥ ಪಿಸ್ತೂಲುಗಳು ಹುಟ್ಟಿದ್ದೇ ಈ ತೋಟಾಕ್ಕಾಗಿ.

ಗೊಂದಲ ಹುಟ್ಟುವುದು ‘.32’ ಎಂಬ ಹೆಸರಿನಲ್ಲಿ. ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್‌ಗೆ ಹಾಕುವುದು 7.65×23 ತೋಟಾ, ಅಂದರೆ ಎಸ್‌ ಆಂಡ್ ಡಬ್ಲ್ಯು ಲಾಂಗ್. ಇಶಾಪುರದ ಅಶನಿ ಪಿಸ್ತೂಲಿನದೂ ‘.32’, ಆದರೆ ಅದು ಗಿಡ್ಡ 7.65×17, ಎಸಿಪಿ. ಪಿ210ರ 7.65 ಪ್ಯಾರಾಬೆಲಮ್ ಮೂರನೆಯದು, ಕುತ್ತಿಗೆಯಿರುವ ಬಾಟಲಿಯಂಥ ಹಿತ್ತಾಳೆ ಕೋಶ. ಒಂದರ ಬದಲು ಇನ್ನೊಂದು ನಡೆಯದು. ಇನ್ನೂ ಒಂದು ಬಲೆ ಇದೆ. ರಿವಾಲ್ವರಿನ ತೋಟಾ ಹೆಸರಿಗೆ ಸರಿಯಾದ .32 ಲಾಂಗೇ ಆದರೂ ಅದರ ಗುಂಡಿನ ಮೂತಿ ದುಂಡಗೆ ಹೊರಗೆ ಚಾಚಿರುತ್ತದೆ. ವಾಡ್‌ಕಟರ್‌ನಲ್ಲಿ ಗುಂಡು ಕೋಶದ ಬಾಯಿಗೆ ಸಮವಾಗಿ ಒಳಗೇ ಕೂತಿರುತ್ತದೆ. ಗುರಿ ಪಿಸ್ತೂಲಿನ ಮ್ಯಾಗಜೀನ್ ಈ ಗಿಡ್ಡ ಅಳತೆಗೆ ಮಾಡಿದ್ದು, ದುಂಡುಮೂತಿಯದು ಅದರೊಳಗೆ ಇಳಿಯುವುದೇ ಇಲ್ಲ. ಹಾಗಾಗಿ ಡಬ್ಬಿಯ ಮೇಲೆ ‘ವಾಡ್‌ಕಟರ್’ ಎಂದು ಓದಿಯೇ ಕೊಳ್ಳಿ.

ತುಂಬುವಾಗಲೂ ಎಚ್ಚರ ಬೇಕು. .32 ಲಾಂಗ್‌ನ ಬುಡಕ್ಕೆ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಂಡು ಸ್ಲೈಡು ಅರ್ಧದಲ್ಲಿ ನಿಲ್ಲುತ್ತದೆ. ವಾಡ್‌ಕಟರ್‌ನಲ್ಲಿ ಮದ್ದೂ ಕಡಿಮೆ. ‘ಢಂ’ ಬದಲು ‘ಫುಸ್’ ಎಂದರೆ ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಅಲ್ಲಿಗೇ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ, ನಳಿಗೆಯೊಳಗೆ ಕಡ್ಡಿ ಹಾಯಿಸಿ ನೋಡದೆ ಮುಂದಿನದನ್ನು ಹೊಡೆಯಬೇಡಿ.

ಮೊದಲ ಪಿಸ್ತೂಲಿಗೆ ನಮ್ಮ ಮತ .22ಕ್ಕೆ. ಅದರಲ್ಲೂ ಕಿಟ್ ಹಾಕಿದ ಪಿ210 ಬೇಡ, .22ಕ್ಕೆಂದೇ ಕಟ್ಟಿದ ಹ್ಯಾಮರ್ಲಿ 208ರಂಥದು. ಉಕ್ಕೇ ಬೇಕೆನ್ನುವವರ ಚಪಲವೂ ತೀರುತ್ತದೆ, ನಳಿಗೆ ಫ್ರೇಮಿಗೆ ಕಚ್ಚಿ ಕೂತಿರುತ್ತದೆ, ಕಿಟ್ ಬದಲಿಸಿದಾಗಲೆಲ್ಲ ಸೈಟ್ ಹೊಸದಾಗಿ ಹೊಂದಿಸುವ ರಗಳೆ ಇಲ್ಲ. ತೋಟಾ ಆರಿಸುವಾಗ ಕಂಪನಿಯ ಹೆಸರಿಗಿಂತ ಡಬ್ಬಿಯ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ಮುಖ್ಯ. ಹಿಡಿಗೆ ಆಸರೆ ಕೊಟ್ಟು 25 ಮೀಟರಿಗೆ ಪ್ರತಿ ಲಾಟಿನಿಂದ ಹತ್ತು ಗುಂಡು ಹೊಡೆದು ನೋಡಿ. ನಿಧಾನ ಹೊಡೆಯುವ ಪ್ರಿಸಿಷನ್ ಹಂತದ ಗುರಿಯ ಹತ್ತರ ವೃತ್ತ 50 ಮಿ.ಮೀ.; ಆಸರೆಯ ಮೇಲೂ ಅದರ ಅರ್ಧದೊಳಗೆ ಹತ್ತೂ ಕೂರದ ಲಾಟನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ತೋಟಾ ಹೊತ್ತದಿದ್ದರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡು ಕಾಯಬೇಕು, ಆಮೇಲೆ ಹೊರತೆಗೆಯಬೇಕು. .22ರಲ್ಲಿ ಖಾಲಿ ಟ್ರಿಗರ್ ಒತ್ತಬೇಡಿ. .22 ಹೊತ್ತುವುದು ಬುಡದ ಅಂಚಿಗೆ ಏಟು ಬಿದ್ದಾಗ; ತೋಟಾ ಇಲ್ಲದಿದ್ದರೆ ಪಿನ್ನು ನೇರ ನಳಿಗೆಯ ಅಂಚಿಗೆ ಬಡಿದು ಅಲ್ಲಿ ಗಂಟು ಏಳಿಸುತ್ತದೆ, ಮುಂದೆ ತೋಟಾ ಸರಿಯಾಗಿ ಕೂರುವುದಿಲ್ಲ.

ಬೋರು ಯಾವುದೇ ಇರಲಿ, ಕಾರವಾರ, ಅಂಕೋಲಾ, ಕುಮಟಾದಲ್ಲಿ ಉಕ್ಕಿನ ಶತ್ರು ಗಾಳಿಯ ಉಪ್ಪು. ನೀಲಿ ಬಣ್ಣದ ಬ್ಲೂಯಿಂಗ್ ಕಬ್ಬಿಣದ್ದೇ ತೆಳು ಆಕ್ಸೈಡು, ಎಣ್ಣೆ ಹಿಡಿದಿಡುತ್ತದೆಯೇ ಹೊರತು ತಾನಾಗಿ ತುಕ್ಕು ತಡೆಯದು. ಬೆವರಿನ ಬೆರಳಚ್ಚು ಬಿಟ್ಟರೆ ಒಂದೆರಡು ದಿನದಲ್ಲಿ ಅದೇ ಆಕಾರದ ಕಂದು ಕಲೆ ಸ್ಲೈಡಿನ ಮೇಲೆ ಮೂಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒರೆಸಿ, ಗನ್ ಎಣ್ಣೆಯ ತೆಳು ಪದರ ಕೊಡಿ. ಸ್ಪಂಜಿನ ಪೆಟ್ಟಿಗೆ, ಚರ್ಮದ ಚೀಲ ಎರಡೂ ತೇವ ಹೀರಿ ಹಿಡಿದಿಡುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಬೇಕಾದರೆ ಎಣ್ಣೆ ಧಾರಾಳವಾಗಿರಲಿ. ವಾಪಸ್ ಬರುವುದು ತಿಂಗಳ ಮೇಲೆ.

ಎಣ್ಣೆ ಅಂದರೆ ಮನೆಯ ತೆಂಗಿನೆಣ್ಣೆ ಅಲ್ಲ. ಡಿಸೆಂಬರಿನ ಬೆಳಗ್ಗೆ ಶಿರಸಿಯ ಬಚ್ಚಲಲ್ಲಿ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗುವ ಅದೇ ಎಣ್ಣೆ ಫೈರಿಂಗ್ ಪಿನ್ನಿನ ದಾರಿಯಲ್ಲೂ ಗಟ್ಟಿಯಾಗುತ್ತದೆ. ಪಿನ್ನಿನ ಏಟು ಮೆತ್ತಗಾಗಿ .22ರ ಅಂಚಿನಲ್ಲಿ ಬರೀ ತಗ್ಗು ಬೀಳುತ್ತದೆ, ತೋಟಾ ಹೊತ್ತುವುದಿಲ್ಲ. ಬೆಳಗ್ಗೆ ಸತ್ತ ತೋಟಾಗಳು ಮಧ್ಯಾಹ್ನ ಹೊತ್ತಿಕೊಂಡರೆ ಲಾಟನ್ನು ಬೈಯುವ ಮೊದಲು ಪಿನ್ನು ಬಿಚ್ಚಿ ನೋಡಿ.