ಪೋಸ್ಟ್‌ಡಾಕ್ ಹುಡುಕಾಟ: ಪೋರ್ಟಲ್ಲೋ, ನೇರ ಇಮೇಲೋ, ಹೊರಗಿನ ಫೆಲೋಶಿಪ್ಪೋ?

ಪೋಸ್ಟ್‌ಡಾಕ್ ಆಗಿ, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಗೆ, ದೊಡ್ಡ ವಿಶ್ವವಿದ್ಯಾಲಯ ಸೇರಲು ಈ ಮೂರೂ ದಾರಿಗಳನ್ನು ನಾನು ಹಿಡಿದು ನೋಡಿದ್ದೇನೆ. ಪಿಎಚ್‌ಡಿ ಮುಗಿಸುತ್ತಿರುವವರು ಮೊದಲು ತೆರೆಯುವುದು ನೇಮಕಾತಿ ಪೋರ್ಟಲ್ಲನ್ನೇ. ನನ್ನ ಪ್ರಕಾರ ಅದಕ್ಕೆ ಕೊನೆಯ ಸ್ಥಾನ.

ಪೋರ್ಟಲ್ಲಿಗೆ ಬರುವ ಹುದ್ದೆಗಳು ಹೆಚ್ಚಾಗಿ ಯಾರದೋ ಗ್ರಾಂಟಿಗೆ (ಸಂಶೋಧನಾ ಅನುದಾನಕ್ಕೆ) ಸೇರಿದವು. ವಿಷಯ, ಅವಧಿ, ಸಂಬಳ ಎಲ್ಲವೂ ಮೊದಲೇ ನಿಗದಿಯಾಗಿರುತ್ತವೆ. ಬೇಗ ಕೆಲಸ ಬೇಕಾದವರಿಗೆ ಇದು ಒಳ್ಳೆಯದೇ. ಆದರೆ ಕೆಲವು ಕಡೆ ಅಭ್ಯರ್ಥಿಯನ್ನು ಆಗಲೇ ಮನಸ್ಸಿನಲ್ಲಿಟ್ಟುಕೊಂಡು, ನಿಯಮಕ್ಕಾಗಿ ಜಾಹೀರಾತು ಹಾಕಿರುತ್ತಾರೆ. ನಾನು ಪೋರ್ಟಲ್ ನೋಡುವುದು ಬೇರೊಂದು ಕಾರಣಕ್ಕೆ: ಯಾವ ಲ್ಯಾಬಿಗೆ ಹೊಸದಾಗಿ ದುಡ್ಡು ಬಂದಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಲ್ಯಾಬಿನ ಮುಖ್ಯಸ್ಥರಿಗೆ ನೇರ ಇಮೇಲ್ ಬರೆಯುವುದು ಇದಕ್ಕಿಂತ ಎಷ್ಟೋ ಮೇಲು, ಬರೆಯುವ ರೀತಿ ಸರಿಯಿದ್ದರೆ. ಒಂದೇ ಒಕ್ಕಣೆಯನ್ನು ಹತ್ತಾರು ಜನಕ್ಕೆ ಕಳಿಸಿದರೆ ಉತ್ತರ ಬರುವುದಿಲ್ಲ. ಅವರ ಯಾವ ಪ್ರಬಂಧ ಓದಿದಿರಿ, ಅದರಲ್ಲಿ ಉಳಿದಿರುವ ಯಾವ ಪ್ರಶ್ನೆಯನ್ನು ನೀವು ಎತ್ತಿಕೊಳ್ಳಬಲ್ಲಿರಿ ಎಂಬುದು ಮೊದಲ ಎರಡು ಸಾಲಿನಲ್ಲೇ ಬರಲಿ. ಅರ್ಧ ಪುಟದ ಪತ್ರ, ಜೊತೆಗೆ ಸಿವಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ ಸಾಕು. “ನಿಮ್ಮಲ್ಲಿ ಹುದ್ದೆ ಇದೆಯೇ” ಎಂದು ಕೇಳಿದಾಗ ನನಗೆ ಬಂದದ್ದು ಬಹುತೇಕ ಮೌನ. “ನಾನು ಫೆಲೋಶಿಪ್ಪಿಗೆ ಅರ್ಜಿ ಹಾಕಿದರೆ ನಿಮ್ಮ ಲ್ಯಾಬಿನಲ್ಲಿ ಜಾಗ ಕೊಡುತ್ತೀರಾ” ಎಂದು ಕೇಳಿದಾಗ ಮಾತುಕತೆಯೇ ಶುರುವಾಯಿತು. ಫೆಲೋಶಿಪ್ಪಿನ ಸಂಬಳ ಹೊರಗಿನ ಸಂಸ್ಥೆಯಿಂದ ಬರುತ್ತದೆ, ಅವರ ಗ್ರಾಂಟಿನಿಂದ ಹೋಗುವುದಿಲ್ಲವಲ್ಲ!

ಅಲ್ಲಿಂದ ಮೂರನೆಯ ದಾರಿ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಐರೋಪ್ಯ ಒಕ್ಕೂಟದ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ, ಜೀವವಿಜ್ಞಾನದವರಿಗಾಗಿ ಇರುವ ಎಂಬೋ (EMBO), ಹ್ಯೂಮನ್ ಫ್ರಂಟಿಯರ್‌ನಂಥ ಫೆಲೋಶಿಪ್‌ಗಳಲ್ಲಿ ಸಂಶೋಧನೆಯ ಪ್ರಶ್ನೆ ನಿಮ್ಮದೇ. ನಿಯಮಗಳೂ ಅಷ್ಟೇ ಬಿಗಿ. ಮೇರಿ ಕ್ಯೂರಿಯಲ್ಲಿ, ಅರ್ಜಿಯ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆತಿಥೇಯ ದೇಶದಲ್ಲಿ ನೆಲೆಸಿರಬಾರದು, ಅಷ್ಟು ಕಾಲ ಅದೇ ದೇಶ ನಿಮ್ಮ ಮುಖ್ಯ ಕಾರ್ಯಕ್ಷೇತ್ರವೂ ಆಗಿರಬಾರದು. ನಿಗದಿತ ಮಟ್ಟಕ್ಕಿಂತ ಕಡಿಮೆ ಅಂಕ ಬಂದರೆ ಮರುವರ್ಷ ಅದೇ ಸಂಸ್ಥೆಯೊಂದಿಗೆ ಮತ್ತೆ ಅರ್ಜಿ ಹಾಕದಂತೆ ತಡೆಯೂ ಬಂದಿದೆ. ಹಾಗಾಗಿ ಅರೆಬೆಂದ ಪ್ರೊಪೋಸಲ್ ಕಳಿಸಲೇಬೇಡಿ. ಅರ್ಜಿಯಿಂದ ಕೆಲಸಕ್ಕೆ ಸೇರುವವರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ; ಪಿಎಚ್‌ಡಿಯ ಕೊನೆಯ ವರ್ಷದಲ್ಲೇ ಕೈಹಾಕಬೇಕು.

ವಿಶ್ವವಿದ್ಯಾಲಯಗಳು ತಾವೇ ಕೊಡುವ ಫೆಲೋಶಿಪ್‌ಗಳು ಗ್ರಾಂಟಿನ ಹುದ್ದೆಗೂ ಹೊರಗಿನ ಫೆಲೋಶಿಪ್ಪಿಗೂ ನಡುವಿನವು. ವಿಭಾಗವೇ ಹೆಸರು ಸೂಚಿಸಬೇಕಾದ ಕಡೆ ಒಳಗಿನ ಗಡುವು ಪ್ರಕಟಿತ ದಿನಾಂಕಕ್ಕಿಂತ ಮೊದಲೇ ಮುಗಿದಿರುತ್ತದೆ. ವಿಭಾಗದ ಕಚೇರಿಗೆ ಬರೆದು ಕೇಳಿಕೊಳ್ಳಿ.

ಸ್ವಂತ ಫೆಲೋಶಿಪ್ಪಿನಲ್ಲಿ ಒಂದು ತೊಡಕಿದೆ. ಕೆಲವು ವಿಶ್ವವಿದ್ಯಾಲಯಗಳು ಫೆಲೋಗಳನ್ನು ನೌಕರರೆಂದು ಪರಿಗಣಿಸುವುದಿಲ್ಲ. ಆರೋಗ್ಯ ವಿಮೆ, ಪಿಂಚಣಿ, ಹೆರಿಗೆ ರಜೆ ಕೈತಪ್ಪಬಹುದು. ಕುಟುಂಬ ಸಮೇತ ಹೋಗುವವರಾದರೆ ಗ್ರಾಂಟಿನ ಹುದ್ದೆಯೇ ಮೇಲೆನಿಸಬಹುದು, ಅದರಲ್ಲಿ ತಪ್ಪಿಲ್ಲ. ಇದನ್ನೆಲ್ಲ ಮಾನವ ಸಂಪನ್ಮೂಲ ವಿಭಾಗದಿಂದ ಬರವಣಿಗೆಯಲ್ಲೇ ಪಡೆಯಿರಿ. ಆ ಲ್ಯಾಬು ಬಿಟ್ಟು ಹೋದ ಒಬ್ಬ ಪೋಸ್ಟ್‌ಡಾಕ್ ಜೊತೆಗಾದರೂ ಮಾತಾಡಿ, ಹೊರಡುವಾಗ ತಮ್ಮ ಪ್ರಾಜೆಕ್ಟನ್ನು ಜೊತೆಗೆ ಒಯ್ಯಲು ಬಿಟ್ಟರೇ ಎಂದು ಕೇಳಿ.