ಮೂರು ಬೇಸಿಗೆ ಕಂಡ ಸ್ಪ್ಲಿಟ್ ಎ.ಸಿ.: ವಿಜಯಪುರದ ಕಲ್ಲುಗೋಡೆಯ ಮನೆಯಿಂದ ಒಂದು ವಿಮರ್ಶೆ

ನಮ್ಮದು ಸೊಲ್ಲಾಪುರ ರಸ್ತೆಯ ಕಡೆ, ವಿಜಯಪುರ ಮುಗಿದು ಜೋಳದ ಹೊಲಗಳು ಶುರುವಾಗುವ ಅಂಚಿನಲ್ಲಿರುವ ಒಂದೇ ಅಂತಸ್ತಿನ ಮನೆ. ಗೋಡೆ ಕರಿಕಲ್ಲಿನದು, ಹದಿನೈದು ಇಂಚು ದಪ್ಪ. ಮೇಲಿನ ಮಣ್ಣಿನ ಮಾಳಿಗೆಯನ್ನು ಮಾತ್ರ ತೆಗೆಸಿ 2009ರಲ್ಲಿ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿದೆವು. ಮಾಳಿಗೆ ಹೋದಂದಿನಿಂದಲೇ ಮನೆಗೆ ಸೆಕೆ ಹೊಕ್ಕಿತೆಂದು ಅವ್ವ ಇಂದಿಗೂ ಹೇಳುತ್ತಾಳೆ, ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಹನ್ನೊಂದು ಗಂಟೆಗೂ ಒಳಗಿನಿಂದ ಕೈಯಿಟ್ಟರೆ ಬೆಚ್ಚಗೇ ಇರುತ್ತದೆ. 2023ರ ಫೆಬ್ರುವರಿಯಲ್ಲಿ ಪಡುವಣ ಕಡೆಯ ಮಲಗುವ ಕೋಣೆಗೆ ಒಂದೂವರೆ ಟನ್ನಿನ, ಐದು ನಕ್ಷತ್ರದ ಇನ್ವರ್ಟರ್ ಸ್ಪ್ಲಿಟ್ ಎ.ಸಿ. ತಂದು, ಬಹುಪಾಲು ಕೆಲಸವನ್ನು ನಾನೇ ಮಾಡಿ ಕೂರಿಸಿದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಮೂರು ಬೇಸಿಗೆಗಳಲ್ಲಿ ನನಗೆ ಬಂದ ತೊಂದರೆಗಳಲ್ಲಿ ಯಂತ್ರದ ಪಾಲು ತೀರ ಕಡಿಮೆ, ಕೂರಿಸಿದವನ ಪಾಲೇ ಹೆಚ್ಚು.

ಮೊದಲು ಕೂಲರಿನ ಪರವಾಗಿ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಮ್ಮ ಕಡೆಯ ಬಿಸಿಲು ಒಣ ಬಿಸಿಲು. ಗಾಳಿಯಲ್ಲಿ ತೇವವಿಲ್ಲದ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕರೆಂಟನ್ನೂ ಅಷ್ಟಾಗಿ ತಿನ್ನುವುದಿಲ್ಲ. ಆದರೆ ಅದಕ್ಕೆ ದಿನಕ್ಕೆ ಮೂರು ನಾಲ್ಕು ಕೊಡ ನೀರು ಬೇಕು, ಅದೂ ನಳಕ್ಕೆ ಸರದಿಯ ಮೇಲೆ ನೀರು ಬರುವ ದಿನಗಳಲ್ಲೇ. ಬೋರಿನ ಗಡಸು ನೀರು ಹಾಕಿದರೆ ಒಂದೇ ಬೇಸಿಗೆಯಲ್ಲಿ ಪ್ಯಾಡಿನ ಮೇಲೆ ಸುಣ್ಣದಂತಹ ಬಿಳಿ ಪದರ ಕಟ್ಟಿ ಗಾಳಿಯೇ ದಾಟುವುದಿಲ್ಲ. ಮೇ ಕೊನೆಗೆ ಮೋಡ ಕಟ್ಟಿತೆಂದರೆ ಕೂಲರಿನ ಗಾಳಿಯಲ್ಲಿ ಹಾಸಿಗೆಯೂ ಮೈಯೂ ಅಂಟಂಟಾಗುತ್ತವೆ. ಈ ಮೂರೂ ಅಡಚಣೆಗಳಿಲ್ಲದವರು ಎ.ಸಿ.ಗೆ ದುಡ್ಡು ಸುರಿಯುವ ಮುನ್ನ ಇನ್ನೊಂದು ವರ್ಷ ಯೋಚಿಸಬಹುದು.

ಆಯ್ಕೆಯ ಮಾತಿಗೆ ಬರುತ್ತೇನೆ. ಕೋಣೆ ಹನ್ನೊಂದು ಅಡಿಗೆ ಹನ್ನೆರಡು ಅಡಿ. ಅಂಗಡಿಯವರ ಲೆಕ್ಕದಲ್ಲಿ ಇದಕ್ಕೆ ಒಂದು ಟನ್ ಸಾಕು. ಒಂದು ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು., ಅಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ಶಾಖವನ್ನು ಹೊರಗೆ ಎತ್ತಿಹಾಕುವ ಶಕ್ತಿ. ಆದರೆ ಈ ಅಂಕಿಯನ್ನು ಹೊರಗಿನ ಉಷ್ಣಾಂಶ 35 ಡಿಗ್ರಿ ಇದೆಯೆಂದು ಇಟ್ಟುಕೊಂಡು ಅಳೆದಿರುತ್ತಾರೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಹೊಸ ಸುದ್ದಿಯಲ್ಲ, ಹೊರಗೆ ಬಿಸಿ ಏರಿದಂತೆ ಯಂತ್ರದ ಎತ್ತುವ ಶಕ್ತಿಯೂ ಇಳಿಯುತ್ತದೆ. ಮೇಲೆ ಬರಿಯ ಸ್ಲ್ಯಾಬು, ಪಕ್ಕದಲ್ಲಿ ಪಡುವಣ ಗೋಡೆ ಇದ್ದ ಮೇಲೆ ಒಂದು ಟನ್ನನ್ನು ನಂಬುವ ಧೈರ್ಯ ನನಗಾಗಲಿಲ್ಲ. ಇನ್ವರ್ಟರ್ ಯಂತ್ರವಾದ್ದರಿಂದ ತಂಪಾದ ಮೇಲೆ ಕಂಪ್ರೆಸರ್ ತಾನೇ ನಿಧಾನವಾಗುತ್ತದೆ. ಸ್ವಲ್ಪ ದೊಡ್ಡದನ್ನು ತಂದರೆ ಹಳೆಯ ಕಾಲದ ಯಂತ್ರಗಳಂತೆ ಪದೇ ಪದೇ ನಿಂತು ಹೊರಡುವ ಕಾಟ ಇಲ್ಲಿಲ್ಲ. ಒಂದೂವರೆ ಟನ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಲೇಬಲಿನ ವ್ಯಾಟ್ ಅಂಕಿಯನ್ನು ಓದಲೇಬೇಕು. ಲೆಕ್ಕದಂತೆ 5,270 ವ್ಯಾಟ್ ಇರಬೇಕಾದಲ್ಲಿ ಐದು ಸಾವಿರದ ಒಳಗಿರುವ ಮಾದರಿಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ನಕ್ಷತ್ರಗಳ ಪಕ್ಕದಲ್ಲಿರುವ ಐ.ಎಸ್.ಇ.ಇ.ಆರ್., ಅಂದರೆ ಇಡೀ ಋತುವಿನಲ್ಲಿ ತಿಂದ ಕರೆಂಟಿನ ಎಷ್ಟು ಪಟ್ಟು ಶಾಖವನ್ನು ಯಂತ್ರ ಎತ್ತಿಹಾಕುತ್ತದೆ ಎಂಬ ಅಂಕಿಯೂ ಅಷ್ಟೇ ಮುಖ್ಯ. ನಾನು ಕೊಂಡಾಗ ಇದ್ದ ನಿಯಮದಂತೆ, 2022ರ ಜುಲೈನಿಂದ ಸ್ಪ್ಲಿಟ್ ಯಂತ್ರ ಐದು ನಕ್ಷತ್ರ ಪಡೆಯಬೇಕಾದರೆ ಅದು ಕನಿಷ್ಠ 5 ಇರಬೇಕೆಂದಾಯಿತು. ಅದಕ್ಕೂ ಮುಂಚಿನ ದಾಸ್ತಾನಿನ ಐದು ನಕ್ಷತ್ರವನ್ನು ರಿಯಾಯಿತಿಯಲ್ಲಿ ತೋರಿಸಿದಾಗ ನಾನು ಎದ್ದು ಬಂದೆ.

ಖರೀದಿಗೂ ಮುನ್ನ ಮಾಡಿದ ಒಂದು ಕೆಲಸ ಯಂತ್ರದಷ್ಟೇ ಫಲ ಕೊಟ್ಟಿತು. ಸ್ಲ್ಯಾಬಿನ ಮೇಲೆ ಎರಡು ಸಲ ಸುಣ್ಣ ಬಳಿಸಿದೆ. ಪ್ರತಿ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ ಮತ್ತೆ ಬಳಿಯಬೇಕು ಎನ್ನುವುದೊಂದೇ ಅದರ ರಗಳೆ.

ಕೂರಿಸುವಾಗ ಮೊದಲ ಪ್ರಶ್ನೆ ಹೊರಗಿನ ಪೆಟ್ಟಿಗೆ ಎಲ್ಲಿರಬೇಕೆಂಬುದು. ಪಡುವಣ ಗೋಡೆಗೆ ಹಾಕಿದ್ದರೆ ಕಂಪನಿ ಕೊಟ್ಟ ಮೂರು ಮೀಟರ್ ಪೈಪೇ ಸಾಕಾಗುತ್ತಿತ್ತು, ಆದರೆ ಸಂಜೆಯ ಬಿಸಿಲೆಲ್ಲ ಅದರ ಮೈಮೇಲೆ ಬೀಳುತ್ತಿತ್ತು. ಬಡಗಣ ಗೋಡೆಗೆ, ಸಜ್ಜದ ನೆರಳಿಗೆ ಒಯ್ದು ಐದು ಮೀಟರ್ ಪೈಪು ಎಳೆದೆ. ರಂಧ್ರ ಕೊರೆಯುವುದು ಇಟ್ಟಿಗೆ ಗೋಡೆಯವರಿಗೆ ಅರ್ಧ ಗಂಟೆಯ ಕೆಲಸವಾಗಿರಬಹುದು. ನಮ್ಮ ಕರಿಕಲ್ಲು ಸಾಧಾರಣ ಡ್ರಿಲ್ಲಿಗೆ ಕಿಡಿಯನ್ನಷ್ಟೇ ಕೊಟ್ಟಿತು. ಪರಿಚಯದ ಗವಂಡಿಯ ಮೂಲಕ ವಜ್ರದ ಹಲ್ಲಿನ ಕೋರ್ ಕಟರನ್ನು ಬಾಡಿಗೆಗೆ ತಂದು, ನೀರು ಬಿಡುತ್ತಾ ಬಿಡುತ್ತಾ ಎರಡೂವರೆ ಗಂಟೆ ಕೊರೆದೆವು. ಕೊನೆಗೆ ಕಲ್ಲು, ಗಾರೆ, ಮತ್ತೆ ಕಲ್ಲು ಎಂದು ಮೂರು ತುಂಡಾಗಿ ತಿರುಳು ಹೊರಬಂತು. ಅದರಲ್ಲೊಂದು, ಕಬ್ಬಿನ ಗಣಿಕೆಗಿಂತ ತುಸು ದಪ್ಪದ ನುಣುಪು ಕರಿ ತುಂಡು, ಈಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ರಂಧ್ರ ಹೊರಮುಖವಾಗಿ ತುಸು ಇಳಿಜಾರಾಗಿರಬೇಕು, ಇಲ್ಲದಿದ್ದರೆ ನೀರು ಒಳಗೇ ನಿಲ್ಲುತ್ತದೆ.

ಕರೆಂಟಿನ ಕೆಲಸ ನನಗೆ ಹೊಸದಲ್ಲ, ಪಂಪ್‌ಸೆಟ್ ಮೋಟಾರುಗಳ ರಿಪೇರಿಯಲ್ಲಿ ಹದಿನೆಂಟು ವರ್ಷ ಕಳೆದಿದ್ದೇನೆ. ಮೀಟರ್ ಬೋರ್ಡಿನಿಂದ ಬೇರೆಯದೇ ತಂತಿ, 4 ಚದರ ಮಿ.ಮೀ. ತಾಮ್ರದ್ದು, 20 ಆಂಪಿಯರಿನ ಸಿ ಮಾದರಿಯ ಎಂ.ಸಿ.ಬಿ. (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು), ಸರಿಯಾದ ಅರ್ಥಿಂಗ್, ಇವಿಷ್ಟರಲ್ಲಿ ರಾಜಿ ಬೇಡ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಗುಂಡಿಯೊಳಗೆ ಒಣಗುವುದರಿಂದ ವಾರಕ್ಕೊಂದು ಕೊಡ ನೀರು ಅಲ್ಲಿಗೂ ಸಲ್ಲಬೇಕು. ಮನೆಗೆ ಮಂಜೂರಾದ ಲೋಡು ಕಡಿಮೆಯಿದ್ದರೆ ಹೆಸ್ಕಾಂನಲ್ಲಿ ಅದನ್ನು ಹೆಚ್ಚಿಸಿಕೊಳ್ಳಬೇಕು. ಸಂಜೆ ವೋಲ್ಟೇಜು 185ಕ್ಕೆ ಇಳಿದ ದಿನಗಳಲ್ಲೂ ಯಂತ್ರ ನಿಂತಿಲ್ಲ. ಆದರೂ ಸ್ಟೆಬಿಲೈಸರ್ ಇಟ್ಟಿದ್ದೇನೆ. ನ್ಯೂಟ್ರಲ್ ಕಡಿದು ವೋಲ್ಟೇಜು ಒಮ್ಮೆಲೇ ಏರಿದಾಗ ಸುಟ್ಟುಬಂದ ಮೋಟಾರುಗಳನ್ನು ಕಂಡವನು ನಾನು.

ಸೋತದ್ದು ತಾಮ್ರದ ಪೈಪಿನಲ್ಲಿ. ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅರಳಿಸಿ ನಟ್ಟಿನಿಂದ ಬಿಗಿಯುವುದನ್ನು ಫ್ಲೇರ್ ಎನ್ನುತ್ತಾರೆ. ಮೊದಲ ಸಲ ಅರಳಿಸಿ ಮುಗಿಸಿದ ಮೇಲೆ ನಟ್ಟು ಪಕ್ಕದ ಸ್ಟೂಲಿನ ಮೇಲೆಯೇ ಉಳಿದಿರುವುದು ಕಾಣಿಸಿತು. ಅರಳಿದ ಬಾಯಿಯ ಮೇಲಿಂದ ಅದು ಒಳಗೆ ಹೋಗುವುದಿಲ್ಲ, ತುದಿಯನ್ನು ಕತ್ತರಿಸಿ ಮತ್ತೆ ಮಾಡಿದೆ. ಎರಡನೆಯದು ಕಣ್ಣಿಗೆ ಚೆನ್ನಾಗಿಯೇ ಇತ್ತು. ಕತ್ತರಿಸಿದ ಅಂಚಿನ ಒಳಮೈಯಲ್ಲಿ ಉಳಿದಿದ್ದ ಕೂದಲೆಳೆಯಷ್ಟು ತಾಮ್ರದ ಸಿಪ್ಪೆಯನ್ನು ನಾನು ಹೆರೆದು ತೆಗೆದಿರಲಿಲ್ಲ, ಅರ್ಧ ಇಂಚಿನ ನಟ್ಟನ್ನು ಬಿಗಿತವನ್ನು ಅಳೆಯುವ ಟಾರ್ಕ್ ಪಾನಾ ಇಲ್ಲದೆ ಕೈ ಅಂದಾಜಿನಲ್ಲೇ ಬಿಗಿದಿದ್ದೆ.

ಗ್ಯಾಸ್ ಬಿಡುವ ಮುನ್ನ ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆಯಬೇಕು. ಗಾಳಿ ಉಳಿದರೆ ಒತ್ತಡ ವಿನಾಕಾರಣ ಏರುತ್ತದೆ, ತೇವ ಉಳಿದರೆ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ. ಇದನ್ನು ಕೇಳಲೆಂದು ಕರೆದಿದ್ದ ಮೆಕ್ಯಾನಿಕ್ ಒಬ್ಬರು ನಕ್ಕು, “ಪಂಪ್ ಯಾಕ ಬೇಕ್ರಿ ಸರ? ಒಂದೀಟ ಗ್ಯಾಸ್ ಬಿಟ್ಟು ಒಳಗಿನ ಹವಾ ಹೊರಗ ಹಾಕಿದ್ರ ಮುಗೀತ್ರಿ” ಎಂದರು. ಈ ಪದ್ಧತಿ ಎಲ್ಲ ಕಡೆ ಇದೆ, ಎಲ್ಲ ಕಡೆಯೂ ತಪ್ಪೇ. ಅದರಲ್ಲೂ ಈಗಿನ ಆರ್-32 ಗ್ಯಾಸು ಅಲ್ಪಸ್ವಲ್ಪ ಹೊತ್ತಿಕೊಳ್ಳುವ ಜಾತಿಯದು, ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಅದನ್ನು ಹೀಗೆ ಬಿಡುವಂತಿಲ್ಲ. ನಾನು ಪಂಪನ್ನು ಬಾಡಿಗೆಗೆ ತಂದು ಅರ್ಧ ಗಂಟೆ ಓಡಿಸಿ, ಹತ್ತೇ ನಿಮಿಷ ಒತ್ತಡದ ಗೇಜಿನ ಮುಳ್ಳನ್ನು ನೋಡಿ, ಕದಲಲಿಲ್ಲವೆಂದು ವಾಲ್ವು ತೆರೆದೆ. ಮುಳ್ಳಿನ ಗೇಜು ಅಷ್ಟು ಸೂಕ್ಷ್ಮ ಸೋರಿಕೆಯನ್ನು ತೋರಿಸುವುದಿಲ್ಲ. ಅದಕ್ಕೆ ಪೈಪಿನೊಳಗೆ ಉಳಿದ ಅತಿ ಸಣ್ಣ ಒತ್ತಡವನ್ನೂ ಅಳೆಯುವ ಮೈಕ್ರಾನ್ ಗೇಜು ಬೇಕು, 500 ಮೈಕ್ರಾನಿಗಿಂತ ಕೆಳಗಿಳಿಸಿ ಅಲ್ಲಿಯೇ ನಿಲ್ಲುವುದೋ ಎಂದು ಕಾಯಬೇಕು.

ಮೊದಲ ಬೇಸಿಗೆ ಸುಖವಾಗಿ ಕಳೆಯಿತು. ಜೂನ್ ಎರಡನೆಯ ವಾರ ಮಳೆಗಾಳಿ ಬೀಸಿದ್ದೇ ತಡ, ಒಳಗಿನ ಪೆಟ್ಟಿಗೆಯಿಂದ ಗೋಡೆಯ ಗಿಲಾವಿನ ಮೇಲೆ ನೀರು ಇಳಿಯತೊಡಗಿತು. ಡ್ರೇನ್ ಪೈಪು ಒಂದೆಡೆ ಗೂನು ಬೆನ್ನಿನಂತೆ ಮೇಲೆದ್ದಿತ್ತು. ಏಪ್ರಿಲ್‌ನ ಒಣ ಗಾಳಿಯಲ್ಲಿ ಯಂತ್ರದಿಂದ ನೀರೇ ಹನಿಯದಿದ್ದ ಕಾರಣ ಎರಡೂವರೆ ತಿಂಗಳು ಆ ತಪ್ಪು ಬೆಳಕಿಗೆ ಬರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯಲ್ಲಿ ಎ.ಸಿ. ಕೂರಿಸುವವರು ಕೆಲಸ ಮುಗಿದ ದಿನವೇ ಒಳಗಿನ ತಟ್ಟೆಗೆ ಒಂದು ಬಾಟಲಿ ನೀರು ಸುರಿದು, ಅದು ಹೊರಗೆ ಹೋಗುವುದನ್ನು ಕಣ್ಣಾರೆ ನೋಡಬೇಕು.

ಎರಡನೆಯ ಬೇಸಿಗೆ, 2024ರ ಮಾರ್ಚ್. ಅರ್ಧ ಗಂಟೆಯಲ್ಲಿ ತಂಪಾಗುತ್ತಿದ್ದ ಕೋಣೆಗೆ ಎರಡು ಗಂಟೆ ಸಾಲದಾಯಿತು. ಹೊರಗೆ ಹೋಗಿ ನೋಡಿದರೆ ಸಣ್ಣ ಪೈಪಿನ ಮೇಲೆ ಬಿಳಿ ಹಿಮ ಕೂತಿತ್ತು, ಬೆವರಬೇಕಾದ ದಪ್ಪ ಪೈಪು ಒಣಗಿತ್ತು. ಸಾಬೂನಿನ ನೊರೆ ಹಚ್ಚಿದಾಗ ನನ್ನದೇ ಆ ಎರಡನೆಯ ಫ್ಲೇರಿನ ಬಳಿ, ಒಂದೊಂದು ನಿಮಿಷಕ್ಕೆ ಒಂದರಂತೆ, ಸಾಸಿವೆಯಷ್ಟು ಗುಳ್ಳೆ ಏಳುತ್ತಿತ್ತು. ಈ ಸಲ ತರಬೇತಿ ಪಡೆದ ಹುಡುಗನೊಬ್ಬನನ್ನು ಕರೆಸಿದೆ. ಆತ ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಫ್ಲೇರನ್ನು ಹೊಸದಾಗಿ ಮಾಡಿ, ನೈಟ್ರೋಜನ್ ತುಂಬಿ ಒತ್ತಡದ ಪರೀಕ್ಷೆ ನಡೆಸಿ, ವ್ಯಾಕ್ಯೂಮ್ ಮಾಡಿ, ಕೊನೆಗೆ ಪೆಟ್ಟಿಗೆಯ ಫಲಕದಲ್ಲಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಿದ. ಅರ್ಧ ದಿನ ಹಿಡಿಯಿತು. ಕಂಪನಿಯವರಿಂದ ಕೂರಿಸದ ಯಂತ್ರಕ್ಕೆ ಗ್ಯಾಸ್ ಸೋರಿಕೆಯ ವಾರಂಟಿ ಇಲ್ಲವೆಂದು ಕರಾರಿನಲ್ಲಿ ಬರೆದೇ ಇತ್ತು, ಖರ್ಚು ನನ್ನ ಮೇಲೆಯೇ ಬಿತ್ತು, ಮೊದಲು ಉಳಿಸಿದ್ದ ಕೂಲಿಯ ದುಪ್ಪಟ್ಟು. ಅಂದಿನಿಂದ ತಂಪು ಕಡಿಮೆಯಾಗಿಲ್ಲ.

ಇನ್ನು ಬಿಲ್ಲು. ಲೇಬಲಿನಲ್ಲಿ ವರ್ಷಕ್ಕೆ ಸುಮಾರು 750 ಯೂನಿಟ್ ಎಂದಿದೆ, ಅದು 1,600 ಗಂಟೆಗಳ ಲೆಕ್ಕ. ನಾನು ಬೇರೆ ಮೀಟರ್ ಇಟ್ಟು ನೋಡುತ್ತಿದ್ದೇನೆ. 26 ಡಿಗ್ರಿಗೆ ಇಟ್ಟು, ಫ್ಯಾನು ನಿಧಾನಕ್ಕೆ ಹಾಕಿ, ರಾತ್ರಿ ಎಂಟು ಗಂಟೆ ಓಡಿಸಿದರೆ ಏಪ್ರಿಲ್, ಮೇ ತಿಂಗಳಲ್ಲಿ ಐದೂವರೆ ಯೂನಿಟ್ಟಿನ ಆಸುಪಾಸು, ಜೂನ್ ಕೊನೆಗೆ ಮೂರೂವರೆ. ಹೊಸ ಯಂತ್ರಗಳು ತಾವಾಗಿ 24ಕ್ಕೆ ಶುರುವಾಗುತ್ತವೆ, ಎರಡು ಡಿಗ್ರಿ ಏರಿಸುವುದು ನಮ್ಮ ಕೈಯಲ್ಲಿದೆ. ನಿಜವಾದ ಪೆಟ್ಟು ಗೃಹಜ್ಯೋತಿಯ ಕಡೆಯಿಂದ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಫ್ರಿಜ್ಜು, ಮೋಟಾರು, ಅವ್ವನ ಗೀಸರು ಸೇರಿ ಏಪ್ರಿಲ್ ಮೇ ಎರಡೂ ತಿಂಗಳು ನಾವು ಆ ಗೆರೆ ದಾಟುತ್ತೇವೆ. ಅಂಗಡಿಯಲ್ಲಿ ಯಾರೂ ಈ ಲೆಕ್ಕ ಹೇಳುವುದಿಲ್ಲ.

ನಿರ್ವಹಣೆ ಹೆಚ್ಚಿಲ್ಲ, ಆದರೆ ತಪ್ಪಿಸುವಂತಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಒಳಗಿನ ಜಾಳಿಗೆ ತೊಳೆಯಬೇಕು. ಫೆಬ್ರುವರಿ ಮಾರ್ಚಿನಲ್ಲಿ ಸುತ್ತಲಿನ ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆಯುವಾಗ ಹೊಟ್ಟು ಹಾರಿಬಂದು ಹೊರಗಿನ ಪೆಟ್ಟಿಗೆಯ ಹಿಂಬದಿಗೆ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ರಾಶಿ ಮುಗಿದ ಮೇಲೆ ಎಂ.ಸಿ.ಬಿ. ಇಳಿಸಿ, ಮೊದಲು ಮೆತ್ತನೆಯ ಬ್ರಷ್ಷಿನಿಂದ ಅದನ್ನು ಬಿಡಿಸಿ, ಆಮೇಲೆ ಪೈಪಿನ ನೀರು ಹಾಯಿಸುತ್ತೇನೆ. ಮಳೆ ಬಿಸಿಲಿನಿಂದ ಕಾಪಾಡಲೆಂದು ಪಕ್ಕದ ಮನೆಯವರು ತಮ್ಮ ಪೆಟ್ಟಿಗೆಗೆ ಸುತ್ತಲೂ ತಗಡು ಹೊದಿಸಿದ್ದಾರೆ. ತಾನು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಂಡು ಏದುಸಿರು ಬಿಡುತ್ತಿದೆ.

ಈ ಸಲ ಅವ್ವನ ಕೋಣೆಗೂ ಒಂದು ಬೇಕೆಂದಾಗಿದೆ. ಅದು ಮೂಡಣ ಕಡೆಯ ಸಣ್ಣ ಕೋಣೆ, ಒಂದು ಟನ್ ಸಾಕು. ತಂತಿ ಎಳೆದಾಯಿತು, ಬ್ರಾಕೆಟ್ ಬಿಗಿದಾಯಿತು, ಕಲ್ಲಿನಲ್ಲಿ ರಂಧ್ರವನ್ನು ಮತ್ತೆ ನಾನೇ ಕೊರೆದಿದ್ದೇನೆ. ಫ್ಲೇರ್ ಮಾಡಲು ಮಾತ್ರ ಆ ಹುಡುಗನಿಗೆ ಭಾನುವಾರ ಬರಹೇಳಿದ್ದೇನೆ, ಬರುವಾಗ ಪಂಪನ್ನೂ ಮೈಕ್ರಾನ್ ಗೇಜನ್ನೂ ಮರೆಯದೆ ತಾ ಎಂದು ಎರಡು ಸಲ ಹೇಳಿದ್ದೇನೆ.